ಸಾಗರದ ಮನೆ ಮಾರಿ ಮಗಳ ಹತ್ತಿರ ಬೆಂಗಳೂರಿಗೆ ಹೋಗಬೇಕೇ?

ಪ್ರಶ್ನೆ:
ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 71. ಸಾಗರದ ಸ್ವಂತ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಕಳೆದ ಮಳೆಗಾಲದಲ್ಲಿ ನನ್ನ ಪತ್ನಿ ಹಿತ್ತಿಲಿನ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಮಗಳು ಕೆಂಗೇರಿಯಿಂದ ರಾತ್ರೋರಾತ್ರಿ ಓಡಿ ಬಂದಳು. ಈ ಮನೆ ಮಾರಿ ತಮ್ಮ ಬಡಾವಣೆಯಲ್ಲೇ ಫ್ಲ್ಯಾಟ್ ಕೊಳ್ಳಬೇಕೆಂದು ಅಂದಿನಿಂದಲೂ ಒತ್ತಾಯಿಸುತ್ತಿದ್ದಾಳೆ. ಅವಳ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಮೂವತ್ತು ವರ್ಷ ಪಾಠ ಹೇಳಿದ ಈ ಊರಿನಲ್ಲಿ, ಪೇಟೆಗೆ ಹೊರಟರೆ ಹತ್ತು ಜನ ನಿಲ್ಲಿಸಿ ಮಾತನಾಡಿಸುತ್ತಾರೆ. ಅಲ್ಲಿ ಹಗಲು ಕಳೆಯುವುದು ಹೇಗೆಂಬ ಚಿಂತೆ ನನ್ನನ್ನು ಬಿಡುತ್ತಿಲ್ಲ. ಹೀಗೆ ಹೋದವರು ದಯವಿಟ್ಟು ತಿಳಿಸಿ.

ಉತ್ತರ 1:
ಮೇಷ್ಟ್ರೇ, ನಾವು ಹೊಸನಗರದಿಂದ ಮೈಸೂರಿಗೆ ಮಗನ ಹತ್ತಿರ ಬಂದು ಆರು ವರ್ಷವಾಯಿತು. ಮನೆಯನ್ನು ಈಗಲೇ ಮಾರಬೇಡಿ. ಮಗಳ ಮನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಲಿಫ್ಟ್ ಇರುವ ಅಥವಾ ನೆಲಮಹಡಿಯ ಮನೆಯೊಂದನ್ನು 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಹಿಡಿದು, ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಅಲ್ಲಿ ಕಳೆದು ನೋಡಿ. ನಾವು ಮಾರಿಯೇ ಹೊರಟೆವು. ಎರಡನೆಯ ವರ್ಷ ಮಗನಿಗೆ ಪುಣೆಗೆ ವರ್ಗವಾದಾಗ ಹಿಂತಿರುಗಲು ನಮಗೆ ಮನೆಯಿರಲಿಲ್ಲ. ಇನ್ನು ಹಗಲಿನ ವಿಷಯ: ಪಕ್ಕದ ಬೀದಿಯ ನಾಲ್ಕು ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡಲು ಆರಂಭಿಸಿದ ಮೇಲೆಯೇ ನನಗೆ ಅಲ್ಲಿ ಗುರುತಿನವರಾದರು. ನಿಮಗೆ ಅದು ನನಗಿಂತಲೂ ಸುಲಭ.

ಉತ್ತರ 2:
ಪಿಂಚಣಿಗೆ ತೊಂದರೆಯಾಗುವುದಿಲ್ಲ. ನವೆಂಬರ್‌ನಲ್ಲಿ ಕೊಡುವ ಜೀವಿತ ಪ್ರಮಾಣಪತ್ರವನ್ನು ಆಧಾರ್ ಮೂಲಕ ಬೆಂಗಳೂರಿನಿಂದಲೇ ಸಲ್ಲಿಸಬಹುದು. ಮುಂದೆ ಮನೆಯನ್ನು ಮಗಳ ಹೆಸರಿಗೆ ದಾನಪತ್ರ ಮಾಡಿಕೊಡುವುದಾದರೆ, ನಿಮ್ಮಿಬ್ಬರನ್ನೂ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ತಂದೆ-ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಮಿನಡಿ, ಆ ಷರತ್ತನ್ನು ಮುರಿದರೆ ಪತ್ರವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯನ್ನು ಕೇಳಬಹುದು. ಮಗಳ ಮೇಲಿನ ಅನುಮಾನದಿಂದ ಇದನ್ನು ಹೇಳುತ್ತಿಲ್ಲ, ಎಲ್ಲರಿಗೂ ಹೇಳುವ ಮಾತಿದು.

ಉತ್ತರ 3:
ಸರ್, ನಾನೂ ದೂರದಲ್ಲಿರುವ ಮಗಳು. ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎತ್ತಿಕೊಳ್ಳುವ ಮೊದಲೇ ಕೈ ನಡುಗುತ್ತದೆ. ನಿಮ್ಮ ಬರಹದಲ್ಲಿ ನಿಮ್ಮ ಇಷ್ಟವಿದೆ, ಮಗಳ ಇಷ್ಟವಿದೆ. ಅಮ್ಮನವರು ಏನೆನ್ನುತ್ತಾರೆಂಬುದು ಕಾಣಲಿಲ್ಲ. ಅವರನ್ನು ಕೇಳಿದಿರಾ?

ಪ್ರಶ್ನೆ ಕೇಳಿದವರು:
ಕೇಳಿರಲಿಲ್ಲ, ತಂಗೀ. ನಿನ್ನೆ ರಾತ್ರಿ ಕೇಳಿದೆ. ಮನೆ ಮಾರುವುದು ಬೇಡ, ಆದರೆ ಇನ್ನೊಂದು ಮಳೆಗಾಲವನ್ನು ಈ ಹಿತ್ತಿಲಿನಲ್ಲಿ ಕಳೆಯಲು ತನಗೆ ಭಯವಾಗುತ್ತದೆ ಎಂದಳು. ಇಷ್ಟು ದಿನ ಆ ಭಯವನ್ನು ನನ್ನ ಮುಂದೆ ಆಡಿರಲೇ ಇಲ್ಲ. ಮೇ ತಿಂಗಳೊಳಗೆ ಕೆಂಗೇರಿಯಲ್ಲಿ ನೆಲಮಹಡಿಯ ಬಾಡಿಗೆ ಮನೆ ನೋಡುವಂತೆ ಮಗಳಿಗೆ ತಿಳಿಸಿದ್ದೇನೆ.