ಹೀಲಿಯಂ ಬಿಟ್ಟರೂ ಲೀಕ್ ಸಿಗಲ್ಲ, ವ್ಯಾಕ್ಯೂಮ್ ಮಾತ್ರ ಇಳಿಯಲ್ಲ: ಬೈಗುಳ ವರ್ಕ್‌ಶಾಪಿಗೆ

ಮಚ್ಛೆ_ಬೆಂಚ್:
ನಮಸ್ಕಾರ. ಬೆಳಗಾವಿಯ ಒಂದು ಸಂಶೋಧನಾ ಲ್ಯಾಬಿನಲ್ಲಿ ಮೆಕ್ಯಾನಿಕಲ್ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದೇನೆ. ಕೈಕೆಳಗೆ ನಾಲ್ವರು ಟೆಕ್ನಿಷಿಯನ್ನರು, ಜೊತೆಗೆ ಐಟಿಐ ಅಪ್ರೆಂಟಿಸ್ ಹುಡುಗರು. ಥಿನ್ ಫಿಲ್ಮ್ (ತೆಳು ಪದರ ಕೂರಿಸುವ) ಕೆಲಸಕ್ಕೆ ಎಸ್‌ಎಸ್ 304 ಸ್ಟೇನ್‌ಲೆಸ್ ಸ್ಟೀಲಿನಲ್ಲಿ ವ್ಯಾಕ್ಯೂಮ್ ಚೇಂಬರ್ ಮಾಡಿಕೊಟ್ಟೆವು. ಟರ್ಬೊ ಪಂಪ್ ಎಷ್ಟು ಓಡಿಸಿದರೂ 4×10⁻⁵ ಮಿಲಿಬಾರ್ ಹತ್ತಿರ ನಿಂತುಬಿಡುತ್ತದೆ, ಬೇಕಿರುವುದು 10⁻⁷. ಲೀಕ್ ಡಿಟೆಕ್ಟರ್ ಬಾಡಿಗೆಗೆ ತಂದು ಎಲ್ಲಾ ವೆಲ್ಡಿಗೂ ಫ್ಲಾಂಜಿಗೂ ಹೀಲಿಯಂ ಬಿಟ್ಟೆವು. ಹೀಲಿಯಂ ಒಳಗೆ ನುಗ್ಗಿದರೆ ಡಿಟೆಕ್ಟರ್ ತೋರಿಸಬೇಕು, ಮುಳ್ಳು ಅಲುಗಾಡಲಿಲ್ಲ.

ವಿಜ್ಞಾನಿಗಳದ್ದು ಒಂದೇ ಮಾತು, ನಿಮ್ಮ ಹುಡುಗರಿಗೆ ಶಿಸ್ತಿಲ್ಲ ಅಂತ. ನಮ್ಮ ಹಿರಿಯ ಟೆಕ್ನಿಷಿಯನ್‌ಗೆ ಎಲ್ಲರೂ ಕಾಕಾ ಅಂತೀವಿ, ಉದ್ಯಮಬಾಗದ ಹೈಡ್ರಾಲಿಕ್ಸ್ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ಅವರು ಡ್ರಾಯಿಂಗ್ ಮುಂದಿಟ್ಟು "ಇದರಾಗ ಇದ್ದದ್ದ ಮಾಡೇನ್ರಿ, 200 ಬಾರ್ ತಡಿಯೋ ಸಿಲಿಂಡರ್ ಮಾಡಿದಾಂವಗ ಇದೇನ್ ದೊಡ್ಡದು" ಅಂತಾರೆ. ಅಳತೆ ನೋಡಿದೆ, ಎಲ್ಲಾ ಸರಿ ಇದೆ. ಚೇಂಬರ್ ಎಲ್ಲಿಂದ ಬಿಚ್ಚಲಿ, ಕಾಕಾಗೆ ಏನು ಹೇಳಲಿ?

ಸ್ಟೀಲ್_ಸ್ಕೇಲ್:
ಇನ್ಸ್‌ಪೆಕ್ಷನ್ ರಿಪೋರ್ಟಿಗೆ ಪ್ರತಿಯೊಬ್ಬರ ಸಹಿ ಹಾಕಿಸಿ. ಜಾಬ್ ವಾಪಸ್ ಬಂದರೆ ಓವರ್‌ಟೈಮ್ ಕಟ್. ಆಮೇಲೆ ನೋಡಿ, ತಾನಾಗೇ ಸರಿಹೋಗುತ್ತದೆ.

ಒರಿಂಗ್_ಅಣ್ಣ:
ಓಟಿ ಕಟ್ ಮಾಡಿದರೆ ಮುಂದಿನ ಸಲ ಗ್ಯಾಸ್ಕೆಟ್ ಮೇಲೆ ಗೀರು ಬಿದ್ದರೂ ಯಾರೂ ಬಾಯಿ ಬಿಡಲ್ಲ, ಅಷ್ಟೇ ಲಾಭ.

ಬೆಂಚ್ ಅವರೇ, ಮೊದಲು ಒಂದು ಟೆಸ್ಟ್ ಮಾಡಿ, ಖರ್ಚಿಲ್ಲದ್ದು. ಪಂಪ್ ಮತ್ತು ಚೇಂಬರ್ ನಡುವಿನ ಗೇಟ್ ವಾಲ್ವ್ ಮುಚ್ಚಿ, ಪ್ರೆಶರ್ ಹೇಗೆ ಏರುತ್ತದೆ ಅಂತ ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ನೇರ ಗೆರೆಯಲ್ಲಿ ಏರುತ್ತಲೇ ಹೋದರೆ ಹೊರಗಿನಿಂದ ಗಾಳಿ ಬರುತ್ತಿದೆ. ಮೊದಲು ಜೋರಾಗಿ ಏರಿ ಆಮೇಲೆ ಬಾಗಿದರೆ ಗ್ಯಾಸ್ ಒಳಗೇ ಇದೆ, ಗೋಡೆಗೆ ಅಂಟಿದ ನೀರಿನಂಶವೋ ಎಣ್ಣೆಯೋ, ಇಲ್ಲಾ ಎಲ್ಲೋ ಸಿಕ್ಕಿಹಾಕಿಕೊಂಡ ಗಾಳಿಯೋ. ಆರ್‌ಜಿಎ (ಒಳಗೆ ಯಾವ ಗ್ಯಾಸಿದೆ ಅಂತ ಅಣುತೂಕದ ಮೇಲೆ ತೋರಿಸುವ ಯಂತ್ರ) ಇದ್ದರೆ ಅದನ್ನೂ ನೋಡಿ: 18ರ ಪೀಕ್ ದೊಡ್ಡದಿದ್ದರೆ ನೀರು, 28 (ನೈಟ್ರೋಜನ್) ಮತ್ತು 32 (ಆಕ್ಸಿಜನ್) ಎರಡೂ ಗಾಳಿಯಲ್ಲಿರುವ ಪ್ರಮಾಣದಲ್ಲೇ ಕಂಡರೆ ಗಾಳಿ.

ಮಚ್ಛೆ_ಬೆಂಚ್:
ಮಾಡಿದೆ ಅಣ್ಣಾ. ಗೆರೆ ಬಾಗುತ್ತದೆ. ಆರ್‌ಜಿಎ ಪಕ್ಕದ ಗುಂಪಿನದ್ದು ಸಿಕ್ಕಿತು. 18 ಇದೆ, ಆದರೆ 28 ಮತ್ತು 32 ಕೂಡ ಚೆನ್ನಾಗೇ ಕಾಣುತ್ತಿವೆ. ಗಾಳಿ ಇದೆ ಅಂದಮೇಲೆ ಹೀಲಿಯಂ ಯಾಕೆ ಹಿಡಿಯಲಿಲ್ಲ?

ಒರಿಂಗ್_ಅಣ್ಣ:
ಹೊರಗಿಂದ ದಾರಿಯೇ ಇಲ್ಲದಿದ್ದರೆ ಹೀಲಿಯಂ ಹೇಗೆ ಒಳಗೆ ಹೋಗಬೇಕು? ಇದು ವರ್ಚುವಲ್ ಲೀಕ್, ಅಂದರೆ ಒಳಗೇ ಸಿಕ್ಕಿಕೊಂಡ ಗಾಳಿ ನಿಧಾನಕ್ಕೆ ಬಿಡುವುದು. ಚೇಂಬರ್ ಒಳಗೆ ಬ್ಲೈಂಡ್ ಹೋಲ್‌ಗೆ (ಆರಪಾರ ಹೋಗದ ತೂತಿಗೆ) ಟ್ಯಾಪ್ ಹೊಡೆದು ಬೋಲ್ಟ್ ಹಾಕಿದ್ದೀರಾ? ಬೋಲ್ಟಿನ ತುದಿ ಮತ್ತು ಹೋಲಿನ ತಳದ ನಡುವೆ ಚೂರು ಗಾಳಿ ಉಳಿಯುತ್ತದೆ. ಅದು ಚೂಡಿ (ಥ್ರೆಡ್) ಸಂದಿಯಿಂದ ದಿನಗಟ್ಟಲೆ ತೆವಳಿಕೊಂಡು ಹೊರಬರುತ್ತದೆ. ಸಬ್‌ಸ್ಟ್ರೇಟ್ ಹೋಲ್ಡರ್ (ಫಿಲ್ಮ್ ಕೂರಿಸುವ ತುಂಡನ್ನು ಹಿಡಿಯುವ ಭಾಗ) ಬಿಚ್ಚಿ, ಅದರ ಬೋಲ್ಟುಗಳ ನಟ್ಟನಡುವೆ ಉದ್ದಕ್ಕೂ 1.5 ಎಂಎಂ ಡ್ರಿಲ್ ಹೊಡೆಸಿ. ಬೋಲ್ಟ್ ಸಣ್ಣದಿದ್ದರೆ ಚೂಡಿಯ ಒಂದು ಪಕ್ಕ ಉದ್ದಕ್ಕೆ ಕೊರೆದರೂ ಸಾಕು. ವಾಷರ್ ಕೆಳಗೂ ಗಾಳಿಗೆ ದಾರಿ ಇರಬೇಕು, ಅದನ್ನು ಮರೆಯುವವರೇ ಜಾಸ್ತಿ.

ಎರಡನೆಯದು ವೆಲ್ಡ್. ಒಳಗೂ ಪೂರ್ತಿ, ಹೊರಗೂ ಪೂರ್ತಿ ಹಾಕಿದ್ದಾರಾ? ಟ್ಯಾಂಕ್ ಕೆಲಸ ಮಾಡಿದವರು ಹಾಗೇ ಹಾಕುತ್ತಾರೆ, ಗಟ್ಟಿಯಾಗಲಿ ಅಂತ. ವ್ಯಾಕ್ಯೂಮಿಗೆ ಒಳಗಡೆ ಮಾತ್ರ ಸತತ ವೆಲ್ಡ್, ಹೊರಗೆ ಬೇಕಿದ್ದರೆ ಬಿಟ್ಟುಬಿಟ್ಟು ಟಾಕಿ. ಎರಡೂ ಕಡೆ ಮುಚ್ಚಿದರೆ ನಡುವೆ ಗಾಳಿ ಕೂತುಬಿಡುತ್ತದೆ, ಮುಂದೆ ಒಳಗಿನ ವೆಲ್ಡಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಹೊರಗಿಂದ ಹುಡುಕಲಾಗಲ್ಲ. ಡೈ ಪೆನಿಟ್ರಂಟ್ (ಬಿರುಕು ತೋರಿಸುವ ಬಣ್ಣ) ಹಾಕಿ ನೋಡೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ, ಆ ಡೈ ಬಿರುಕಿನಲ್ಲೇ ಕೂತು ಲೀಕನ್ನು ಮುಚ್ಚಿಡುತ್ತದೆ.

ಇನ್ನು ಕಾಕಾ ವಿಷಯ. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಬಲದ ಲೆಕ್ಕದಲ್ಲಿ ವ್ಯಾಕ್ಯೂಮ್ ಅಂದರೆ ಹೊರಗಿನಿಂದ 1 ಬಾರ್ ಒತ್ತಡ, ಅಷ್ಟೇ. ಆದರೆ ಸಿಲಿಂಡರಿನಲ್ಲಿ ತಡೆಯಬೇಕಾದ್ದು ಎಣ್ಣೆ. ಅದು ದಪ್ಪ, ಸಣ್ಣ ಗೀರಿನಲ್ಲಿ ತಾನೇ ನಿಂತುಬಿಡುತ್ತದೆ. ಇಲ್ಲಿ ತಡೆಯಬೇಕಾದ್ದು ಗ್ಯಾಸು. ಒ ರಿಂಗ್ ಕೂರುವ ಗ್ರೂವಿನಲ್ಲಿ ಅಡ್ಡಡ್ಡ ಒಂದು ಗೀರಿದ್ದರೆ ಮುಗೀತು. ಲೇಥ್ ಟೂಲಿನ ಗುರುತು ಸುತ್ತಲೂ ಇದ್ದರೆ ಪರವಾಗಿಲ್ಲ, ಅದನ್ನು ಚಂದ ಮಾಡ್ತೀನಿ ಅಂತ ಹುಡುಗ ಎಮರಿ ಪೇಪರ್ ಅಡ್ಡ ಎಳೆದರೆ ತೊಂದರೆ. ಟೆಫ್ಲಾನ್ ಟೇಪ್ ಅಭ್ಯಾಸ, ಕಟಿಂಗ್ ಆಯಿಲ್ ಒರೆಸಿ "ಕ್ಲೀನ್" ಅನ್ನೋದು, ಕಬ್ಬಿಣ ಉಜ್ಜಿದ ವೀಲಿನಲ್ಲೇ ಎಸ್‌ಎಸ್ ಉಜ್ಜೋದು, ಎಲ್ಲವೂ ಅವರ ಹಿಂದಿನ ಕೆಲಸದಲ್ಲಿ ನಡೆಯುತ್ತಿದ್ದವೇ. ಇಲ್ಲಿ ನಡೆಯಲ್ಲ ಅಂತ ಯಾರು ಹೇಳಿದ್ದರು? ಡ್ರಾಯಿಂಗಿನಲ್ಲಿ ವ್ಯಾಕ್ಯೂಮ್ ಯಾವ ಕಡೆ ಅಂತ ಬರೆದಿದೆಯಾ ನೋಡಿ ಮೊದಲು.

ಮಚ್ಛೆ_ಬೆಂಚ್:
ಇಲ್ಲ! ಎಲ್ಲಾ ಅಳತೆಗೂ ಟಾಲರೆನ್ಸ್ (ಅಳತೆಯಲ್ಲಿ ಬಿಡುವ ವ್ಯತ್ಯಾಸ) ±0.01 ಅಂತ ಬರೆದಿದೆ, ವ್ಯಾಕ್ಯೂಮ್ ಅನ್ನೋ ಪದ ಮಾತ್ರ ಎಲ್ಲೂ ಇಲ್ಲ.

ಗೋಕಾಕ_ಫಿಟ್ಟರ್:
ಆ ±0.01 ರೋಗ ನಮ್ಮಲ್ಲೂ ಇತ್ತು. ಬೆಂಬಲದ ಕಾಲಿಗೂ ಅದೇ, ಗ್ರೂವಿಗೂ ಅದೇ. ಎಲ್ಲವೂ ಮುಖ್ಯ ಅಂದರೆ ಟೆಕ್ನಿಷಿಯನ್‌ಗೆ ಯಾವುದೂ ಮುಖ್ಯ ಅನಿಸಲ್ಲ, ತನ್ನ ಅಂದಾಜಿನಲ್ಲಿ ಆರಿಸಿಕೊಳ್ಳುತ್ತಾನೆ. ಈಗ ನಾನು ಡ್ರಾಯಿಂಗ್ ಬಂದ ತಕ್ಷಣ ಬರೆದವರನ್ನೂ ಜಾಬ್ ಮಾಡುವವರನ್ನೂ ಒಂದೇ ಟೇಬಲ್ಲಿಗೆ ಕೂರಿಸುತ್ತೇನೆ. ವ್ಯಾಕ್ಯೂಮ್ ಮುಖಕ್ಕೆಲ್ಲಾ ಕೆಂಪು ಪೆನ್ಸಿಲ್. ಉಳಿದದ್ದಕ್ಕೆ ಟಾಲರೆನ್ಸ್ ಸಡಿಲ ಮಾಡಿಸುತ್ತೇನೆ. ಅರ್ಧ ಗಂಟೆ ಹೋಗುತ್ತದೆ, ಹೋಗಲಿ.

ಜಾಬ್ ಕಾರ್ಡ್ ಇಂಗ್ಲಿಷಿನಲ್ಲೇ ಇರಬೇಕು ಅಂತ ರೂಲ್ ಏನಿಲ್ಲ. ಕನ್ನಡದಲ್ಲಿ ಬರೆಯಿರಿ. ನಿಮ್ಮ ಬೆಳಗಾವಿ ಶಾಪಿನಲ್ಲಿ ಮರಾಠಿ ಹುಡುಗರೂ ಇರ್ತಾರಲ್ವಾ, ಅವರಿಗೆ ಕಾಕಾನೇ ಹೇಳ್ತಾರೆ. ಇನ್ನೊಂದು, ಪಿಎಚ್‌ಡಿ ಹುಡುಗರು ವಾಟ್ಸಾಪಿನಲ್ಲಿ ಸ್ಕೆಚ್ ಕಳಿಸಿ ನೇರವಾಗಿ ಟೆಕ್ನಿಷಿಯನ್ ಹತ್ತಿರ ಬದಲಾವಣೆ ಮಾಡಿಸಿಕೊಂಡು ಹೋಗುತ್ತಾರಾ? ಅದನ್ನು ಇವತ್ತೇ ನಿಲ್ಲಿಸಿ. ಬದಲಾವಣೆ ನಿಮ್ಮ ಮೂಲಕ, ಕಾರ್ಡಿನ ಮೇಲೆ, ತಾರೀಕಿನ ಜೊತೆ. ಇಲ್ಲದಿದ್ದರೆ ಜಾಬ್ ಕೆಟ್ಟಾಗ ಕಾಕಾ ಒಬ್ಬರೇ ಸಿಗ್ತಾರೆ ಬೈಯೋಕೆ.

ಮಚ್ಛೆ_ಬೆಂಚ್:
ಅಪ್‌ಡೇಟ್. ಹೋಲ್ಡರ್ ಬಿಚ್ಚಿದೆವು, ಕೆಳಗೆ ಬರೀ ಬ್ಲೈಂಡ್ ಹೋಲ್. ಕಾಕಾಗೆ ಗೆರೆ ಬಾಗಿದ ಗ್ರಾಫ್ ತೋರಿಸಿ, ಗಾಳಿ ಎಲ್ಲಿ ಕೂತಿದೆ ಅಂತ ಬೋಲ್ಟ್ ಹಿಡಿದು ವಿವರಿಸಿದೆ. ಒಂದು ನಿಮಿಷ ನೋಡಿ "ಇದನ್ನ ಮೊದಲ ಹೇಳಬೇಕಿತ್ತಲ್ರಿ" ಅಂದು ತಾವೇ ಡ್ರಿಲ್ ಹೊಡೆದರು. ಚೇಂಬರಿನಲ್ಲಿ ಇನ್ನೂ ಎರಡು ಜಾಗ ಹೀಗೇ ಇದೆ ಅಂತ ಅವರೇ ಹುಡುಕಿಕೊಟ್ಟರು. ಎಲ್ಲವನ್ನೂ ಸೋಪು ನೀರು, ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ತೊಳೆದು, ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಜೋಡಿಸಿದೆವು. ಈಗ 10⁻⁶ರ ಒಳಗೆ ಬಂದಿದೆ, 28 ಮತ್ತು 32 ಎರಡೂ ಕುಸಿದಿವೆ, ಉಳಿದದ್ದು 18. ಸೀಲುಗಳೆಲ್ಲ ವೈಟಾನ್ ರಬ್ಬರ್, ಒಂದು ಸಿಎಫ್ 100 ಫ್ಲಾಂಜಿನ ಪೋರ್ಟಿಗೆ ಮಾತ್ರ ತಾಮ್ರದ್ದು. ಎಷ್ಟು ಬಿಸಿ ಮಾಡಬಹುದು?

ಒರಿಂಗ್_ಅಣ್ಣ:
18 ಅಂದರೆ ನೀರು, ಬೇಕ್ ಮಾಡಿದರೆ ಹೋಗುತ್ತದೆ. ವೈಟಾನ್ ಇರುವುದರಿಂದ 120 ಡಿಗ್ರಿ ದಾಟಬೇಡಿ. ನಿಧಾನ ಏರಿಸಿ, ನಿಧಾನ ಇಳಿಸಿ, ಒಂದು ದಿನ ಪೂರ್ತಿ ಬಿಡಿ. ಟರ್ಬೊ ಎಷ್ಟು ಬಿಸಿ ತಡೆಯುತ್ತದೆ ಅಂತ ಅದರ ಮ್ಯಾನ್ಯುಯಲ್‌ನಲ್ಲಿ ನೋಡಿ, ಹೀಟಿಂಗ್ ಟೇಪ್ ಅದರ ಮೇಲೆ ಸುತ್ತಬೇಡಿ. ಆ ಸಿಎಫ್ ಬಿಚ್ಚಿದ್ದರೆ ತಾಮ್ರದ ಗ್ಯಾಸ್ಕೆಟ್ ಹೊಸದೇ ಹಾಕಿ, 16 ಬೋಲ್ಟನ್ನೂ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿಸಿ. ವೆಲ್ಡ್ ಈಗ ಮುಟ್ಟಬೇಡಿ. ಬೇಕ್ ಆದಮೇಲೆ ಪ್ರೆಶರ್ ಎಷ್ಟಕ್ಕೆ ನಿಂತಿತು ಅಂತ ಇಲ್ಲೇ ಹಾಕಿ.