ಅಮ್ಮನ ತೊಡೆಯಲ್ಲಿ ಬಲವಿಲ್ಲ, ಲಿವರ್ ರಿಪೋರ್ಟ್ ಏರಿದೆ. ಯಾರಿಗಾದರೂ ಹೀಗಾಗಿತ್ತಾ?

ಡೊಂಬಿವಲಿಯಿಂದ: ಅಮ್ಮನಿಗೆ 54. ಮೂರು ತಿಂಗಳಿಂದ ನೆಲದಿಂದ ಏಳಬೇಕಾದರೆ ಕೈ ಊರಬೇಕು. ಸ್ಟೇಷನ್ ಬ್ರಿಡ್ಜ್ ಹತ್ತಲು ಆಗುತ್ತಿಲ್ಲ. ಜಡೆ ಹಾಕಿಕೊಳ್ಳಲು ಕೈ ಮೇಲೆ ಹೋಗುವುದಿಲ್ಲ. ನೋವು ಅಷ್ಟೇನಿಲ್ಲ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಜಾಸ್ತಿ ಅಂತ ಲಿವರ್ ಮಾತ್ರೆ ಕೊಟ್ಟಿದ್ದರು. ಈಗ ಇನ್ನೊಬ್ಬ ಡಾಕ್ಟರು ‘ಮಯೋಸೈಟಿಸ್ (ಸ್ನಾಯುವಿನ ಉರಿಯೂತ) ಇರಬಹುದು’ ಅಂದರು. ಮುಂದೆ ಏನೇನು ಮಾಡಿಸಬೇಕು?

ಥಾಣೆಯಿಂದ: ನಮ್ಮ ಯಜಮಾನರದ್ದೂ ಇದೇ ಕಥೆ ತಮ್ಮಾ. ಐದು ತಿಂಗಳು ಸುಮ್ನೆ ಲಿವರ್ ಹಿಂದೆ ಓಡಾಡಿದೆವು. ಕುಡಿಯದ ಮನುಷ್ಯನಿಗೆ ‘ಎಷ್ಟು ಕುಡಿಯುತ್ತೀರಿ’ ಅಂತ ಎಲ್ಲರೂ ಕೇಳಿದ್ದೇ ಕೇಳಿದ್ದು. ಎಸ್‌ಜಿಒಟಿ, ಎಸ್‌ಜಿಪಿಟಿ ಸ್ನಾಯುವಿನಲ್ಲೂ ಇರುತ್ತವೆ, ಸ್ನಾಯು ಹಾಳಾದರೂ ರಕ್ತದಲ್ಲಿ ಏರುತ್ತವೆ ಅಂತ ನಮಗೇನು ಗೊತ್ತು? ಲಿವರ್ ತೊಂದರೆಯಲ್ಲಿ ಏರುವ ಜಿಜಿಟಿ ಅವರಿಗೆ ನಾರ್ಮಲ್ ಇತ್ತು. ಅದನ್ನು ನೋಡಿಯೇ ಕೊನೆಗೆ ಒಬ್ಬರಿಗೆ ಅನುಮಾನ ಬಂತು. ಸಿಪಿಕೆ, ಅಂದರೆ ಸ್ನಾಯು ಹಾಳಾದರೆ ರಕ್ತದಲ್ಲಿ ಏರುವ ಕಿಣ್ವದ ಪರೀಕ್ಷೆ, ಮಾಡಿಸಿದರು. ಸುಮಾರು 200ರ ಒಳಗೆ ಇರಬೇಕಾದದ್ದು 6,200 ಬಂತು!

ಮೊದಲು ಸಿಪಿಕೆ ಮಾಡಿಸಿ. ಜೊತೆಗೆ ಥೈರಾಯ್ಡ್ ಕೂಡ, ಅದು ಕಡಿಮೆಯಾದರೂ ಸಿಪಿಕೆ ಏರುತ್ತದೆ. ಬಿ12 ಇಂಜೆಕ್ಷನ್ ಚುಚ್ಚಿಸಿಕೊಂಡ ಮಾರನೇ ದಿನ ರಕ್ತ ಕೊಡಬೇಡಿ, ಸ್ನಾಯುವಿಗೆ ಚುಚ್ಚಿದ್ದಕ್ಕೇ ಸ್ವಲ್ಪ ಏರಬಹುದು. ಆಮೇಲೆ ರ್‍ಯುಮಟಾಲಜಿಸ್ಟ್ (ಕೀಲು, ಸ್ನಾಯು ಕಾಯಿಲೆಗಳ ಡಾಕ್ಟರು) ಹತ್ತಿರ ಹೋಗಿ. ನಮಗೆ ತೊಡೆಯ ಎಂಆರ್‌ಐ, ಇಎಂಜಿ (ಸೂಜಿ ಚುಚ್ಚಿ ಸ್ನಾಯುವಿನ ವಿದ್ಯುತ್ ಸಂಕೇತ ನೋಡುವುದು), ಬಯಾಪ್ಸಿ (ಸ್ನಾಯುವಿನ ಚಿಕ್ಕ ತುಂಡು ತೆಗೆದು ಪರೀಕ್ಷಿಸುವುದು) ಎಲ್ಲಾ ಆಯಿತು. ಇಎಂಜಿ ಸೂಜಿ ಬಲಗಾಲಿಗೆ, ಬಯಾಪ್ಸಿ ಎಡಗಾಲಿಗೆ. ಸೂಜಿ ಹಾಕಿದ ಜಾಗದಲ್ಲೇ ತುಂಡು ತೆಗೆದರೆ ಆ ಗಾಯವೇ ರೋಗದ ಹಾಗೆ ಕಾಣುತ್ತದಂತೆ. ಇನ್ನೊಂದು ಮಾತು: ಪರಿಚಯದವರು ಹೇಳಿದರು ಅಂತ ಮೊದಲೇ ಸ್ಟಿರಾಯ್ಡ್ ನುಂಗಿಸಬೇಡಿ. ಬಯಾಪ್ಸಿಯಲ್ಲಿ ಕಾಣಬೇಕಾದದ್ದು ಮಸುಕಾಗುತ್ತದೆ.

ಭಾಂಡುಪ್‌ನಿಂದ: ಅಮ್ಮ ಕೊಲೆಸ್ಟರಾಲ್ ಮಾತ್ರೆ ತೊಗೊಳ್ತಾರಾ? ನಮ್ಮ ಅಪ್ಪನಿಗೆ ಸ್ಟ್ಯಾಟಿನ್ ನಿಲ್ಲಿಸಿದ ಮೇಲೂ ಬಲ ಬರಲಿಲ್ಲ. ಎಚ್‌ಎಂಜಿಸಿಆರ್ ಆ್ಯಂಟಿಬಾಡಿ (ದೇಹವೇ ತನ್ನ ಸ್ನಾಯುವಿನ ಮೇಲೆ ದಾಳಿ ಮಾಡುವ ಕಾಯಿಲೆಯ ಗುರುತು) ಪಾಸಿಟಿವ್ ಬಂತು. ಮಾತ್ರೆ ಬಿಟ್ಟರೆ ಸಾಕಾಗುವ ಕೇಸಲ್ಲ ಅದು, ಬೇರೆ ಔಷಧಿಯೇ ಬೇಕಾಯಿತು. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ತಪ್ಪದೆ ಹೇಳಿ.

ಪಿಂಪ್ರಿಯಿಂದ: ನನ್ನದೇ ಅನುಭವ ಹೇಳುತ್ತೇನೆ. ಎಎನ್‌ಎ (ದೇಹ ತನ್ನ ಮೇಲೆಯೇ ದಾಳಿ ಮಾಡುವ ಆಟೋಇಮ್ಯೂನ್ ಕಾಯಿಲೆಗೆ ಮಾಡುವ ರಕ್ತ ಪರೀಕ್ಷೆ) ನೆಗೆಟಿವ್ ಬಂತು ಅಂತ ‘ಆಟೋಇಮ್ಯೂನ್ ಅಲ್ಲ, ಆರಾಮಾಗಿರಿ’ ಅಂದು ಮನೆಗೆ ಕಳಿಸಿದ್ದರು. ಆರಾಮ ಎಲ್ಲಿ ಬಂತು! ಒಣ ಕೆಮ್ಮು ಹೋಗಲೇ ಇಲ್ಲ. ಬೆರಳಿನ ಬದಿಯ ಚರ್ಮ ಒರಟಾಗಿ ಒಡೆಯುತ್ತಿತ್ತು. ಕ್ಯಾಂಟೀನಿನಲ್ಲಿ ಪಾತ್ರೆ ಸೋಪಿನಿಂದ ಇರಬೇಕು ಅಂದುಕೊಂಡಿದ್ದೆ. ಎರಡನೇ ಡಾಕ್ಟರು ಕೈ ನೋಡಿದ ಕೂಡಲೇ ಮಯೋಸೈಟಿಸ್ ಪ್ರೊಫೈಲ್, ಅಂದರೆ ಈ ಕಾಯಿಲೆಯ ಆ್ಯಂಟಿಬಾಡಿಗಳ ರಕ್ತ ಪರೀಕ್ಷೆ, ಬರೆದರು. ಜೋ-1 ಪಾಸಿಟಿವ್. ಈ ಆ್ಯಂಟಿಬಾಡಿ ಇದ್ದರೂ ಎಎನ್‌ಎ ನೆಗೆಟಿವ್ ಬರಬಹುದು ಅಂತ ಆಗ ತಿಳಿಯಿತು. ಎದೆಯ ಸಿಟಿ ಸ್ಕ್ಯಾನ್‌ನಲ್ಲಿ (ಎಚ್‌ಆರ್‌ಸಿಟಿ) ಶ್ವಾಸಕೋಶಕ್ಕೂ ತಗುಲಿದ್ದು ಕಂಡಿತು.

ಅದಕ್ಕೇ ಕೇಳುತ್ತೇನೆ, ಅಮ್ಮನಿಗೆ ಕೆಮ್ಮು ಇದೆಯಾ? ಕಣ್ಣುರೆಪ್ಪೆ ನೇರಳೆಯಾಗಿದೆಯಾ, ಬೆರಳ ಗೆಣ್ಣುಗಳ ಮೇಲೆ ಕೆಂಪು ಇದೆಯಾ? ಆ ತರಹ ಚರ್ಮಕ್ಕೂ ಬಂದಿದ್ದರೆ ಡಾಕ್ಟರು ಕ್ಯಾನ್ಸರ್ ಪರೀಕ್ಷೆಗಳನ್ನೂ ಬರೆಯಬಹುದು. ಹೆದರಬೇಡಿ, ಮಾಡಿಸಿ. ನೀರು ಕುಡಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಉಸಿರು ಕಟ್ಟುವುದು ಇದ್ದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ಪ್ರೊಫೈಲಿನಲ್ಲಿ ‘ವೀಕ್ ಪಾಸಿಟಿವ್’ ಅಂತ ಬಂದರೆ ಗೂಗಲ್ ಮಾಡುತ್ತಾ ಕೂರಬೇಡಿ. ಅದೊಂದರಿಂದಲೇ ರೋಗ ಇದೆ ಅಂತ ಆಗುವುದಿಲ್ಲ.

ಡೊಂಬಿವಲಿಯಿಂದ: ಸಿಪಿಕೆ 4,100 ಬಂತು. ಥೈರಾಯ್ಡ್ ಸರಿ ಇದೆ, ಸ್ಟ್ಯಾಟಿನ್ ಇಲ್ಲ. ನೀವು ಕೇಳಿದ ಮೇಲೆ ಅಮ್ಮನ ಕೈ ಬೆಳಕಿಗೆ ಹಿಡಿದು ನೋಡಿದೆ. ಗೆಣ್ಣುಗಳ ಮೇಲೆ ಕೆಂಪು ಇದೆ. ಒಲೆಯ ಬಿಸಿಗೆ ಹಾಗಾಗಿದೆ ಅಂತ ಇಷ್ಟು ದಿನ ಅವರು ಎಣ್ಣೆ ಹಚ್ಚುತ್ತಿದ್ದರಂತೆ. ಫೋಟೋ ತೆಗೆದಿಟ್ಟಿದ್ದೇನೆ. ಬುಧವಾರ ರ್‍ಯುಮಟಾಲಜಿಸ್ಟ್ ಹತ್ತಿರ ಹೋಗುತ್ತಿದ್ದೇವೆ. ಥಾಣೆಯ ಅಕ್ಕಾ, ಬಯಾಪ್ಸಿ ಆದ ಮೇಲೆ ಎಷ್ಟು ದಿನಕ್ಕೆ ಮೆಟ್ಟಿಲು ಹತ್ತಲು ಬಿಟ್ಟರು? ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ.