ಮದುವೆಗೆ ನಾವಿಬ್ಬರೇ ಬರಬೇಕಂತೆ, 7 ತಿಂಗಳ ಕೂಸನ್ನ ಏನು ಮಾಡಲಿ?

ರೆಡಿಂಗ್ ಅಮ್ಮ:

ನಮಸ್ಕಾರ. ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಆಗಸ್ಟ್‌ನಲ್ಲಿ ಆಫೀಸಿನ ಗೆಳತಿಯ ಮದುವೆ, ಕಾಟ್ಸ್‌ವೋಲ್ಡ್ಸ್ ಕಡೆ, ಮಾರ್ಟನ್-ಇನ್-ಮಾರ್ಷ್ ಹತ್ತಿರದ ಒಂದು ಹಳೇ ಕಣಜದ ಮನೆ. ಹಳೇದು ಅಂತ ಸುಮ್ನೆ ಅಂದ್ಕೋಬೇಡಿ, ಅದರ ಬಾಡಿಗೆ ಕೇಳಿದ್ರೆ ನಮ್ಮ ಮೈಸೂರಿನ ಛತ್ರದವರು ಎದೆ ಹಿಡ್ಕೋತಾರೆ.

ಲಕೋಟೆ ಮೇಲೆ ನನ್ನ ಹೆಸರು, ನಮ್ಮ ಯಜಮಾನ್ರ ಹೆಸರು, ಅಷ್ಟೇ. ಒಳಗೆ ಚಿಕ್ಕ ಅಕ್ಷರದಲ್ಲಿ, ದೊಡ್ಡವರಿಗೆ ಮಾತ್ರ ಅಂತ. ಮಗಳಿಗೆ 4 ವರ್ಷ. ಮಗನಿಗೆ 7 ತಿಂಗಳು, ಇನ್ನೂ ಎದೆಹಾಲು, ಬಾಟಲಿ ತೋರಿಸಿದ್ರೆ ಮುಖ ತಿರುಗಿಸ್ತಾನೆ. ಮಧ್ಯಾಹ್ನ 1.30ಕ್ಕೆ ಮದುವೆ, 4ಕ್ಕೆ ಊಟ, 7.30ರ ಮೇಲೆ ಡ್ಯಾನ್ಸು.

ಲಗ್ನಪತ್ರಿಕೆ ಅಂದ್ರೆ "ಸಕುಟುಂಬ ಸಪರಿವಾರ ಸಮೇತ" ಅಂತ ಓದ್ಕೊಂಡೇ ಬೆಳೆದವಳು ನಾನು. ಓದಿದ ತಕ್ಷಣ ಸ್ವಲ್ಪ ಚುರುಕ್ ಅಂದದ್ದು ನಿಜ. ಯಜಮಾನ್ರು, "ಬರ್ತೀವಿ ಅಂತ ಉತ್ತರ ಕಳಿಸೋ ಕಾರ್ಡ್‌ನಲ್ಲಿ 4 ಜನ ಅಂತ ಬರೆದುಬಿಡು, ಬಂದವರನ್ನ ಹೊರಗೆ ಹಾಕ್ತಾರಾ?" ಅಂತಾರೆ. ಕೂಸನ್ನಾದ್ರೂ ಕರ್ಕೊಂಡು ಬರ್ಲಾ ಅಂತ ಕೇಳಿದ್ರೆ ತಪ್ಪಾ?

ಧಾರವಾಡದವ:

ಅಲ್ರೀ ಅಕ್ಕಾರ, ಸಣ್ಣ ಹುಡುಗ್ರಿಲ್ಲದ ಮದ್ವಿ ಅಂದ್ರ ಎಂಥಾ ಮದ್ವಿರೀ? ನಮ್ಮ ಕಡೆ ಅಕ್ಕಿಕಾಳು ಗುರಿ ಇಟ್ಟು ಮದಿಮಗನ ಮೂಗಿಗೇ ಒಗ್ಯೋದು ಅವ್ರ ಕೆಲಸ. ನಾನಾಗಿದ್ರ ಉಡುಗೊರಿ ಕಳಿಸಿ ಮನ್ಯಾಗ ಕೂಡ್ತಿದ್ದೆ.

ಬ್ರಿಸ್ಟಲ್ ಪದ್ದಕ್ಕ:

ದಯವಿಟ್ಟು 4 ಜನ ಅಂತ ಬರೀಬೇಡಿ. ನಾನು ಆ ತಪ್ಪು ಮಾಡಿ ಅನುಭವಿಸಿದವಳು.

ಈ ದೇಶಕ್ಕೆ ಬಂದ ಹೊಸದು. ಲಕೋಟೆ ಮೇಲೆ ಯಾರ ಹೆಸರಿದೆಯೋ ಅವರಿಗಷ್ಟೇ ಕರೆ ಅನ್ನೋದೇ ಗೊತ್ತಿರಲಿಲ್ಲ. 5 ವರ್ಷದ ಮಗನಿಗೆ ಜುಬ್ಬಾ ಹಾಕಿ ಕರ್ಕೊಂಡು ಹೋದೆ. ಅಲ್ಲಿ ಪ್ರತಿ ತಟ್ಟೆ ಮುಂದೆಯೂ ಹೆಸರು ಬರೆದ ಪುಟ್ಟ ಚೀಟಿ. ಇವನು ಆಗಷ್ಟೇ ಓದೋಕೆ ಕಲಿತಿದ್ದ. ಒಂದೊಂದೇ ಚೀಟಿ ಕೂಡಿಸ್ಕೊಂಡು ಓದ್ತಾ ಮೇಜು ಪೂರ್ತಿ ಸುತ್ತಿ ಬಂದು, "ಅಮ್ಮಾ, ನಂದೆಲ್ಲಿ?" ಅಂದ. ಬಡಿಸೋ ಹುಡುಗಿ ಅಡುಗೆಮನೆಯಿಂದ ಒಂದು ಸ್ಟೂಲು ತಂದುಕೊಟ್ಟಳು. ನನ್ನ ತಟ್ಟೆಯ ಆಲೂಗಡ್ಡೆ ಅವನಿಗೆ, ನನಗೆ ಬ್ರೆಡ್ಡು. ಮದುಮಗಳು ನಕ್ಕಳು, ಒಂದು ಮಾತೂ ಆಡಲಿಲ್ಲ. ಆದರೆ ಆಮೇಲೆ ಆಫೀಸಲ್ಲಿ ಟೀಗೆ ಕರೆಯೋದು ನಿಂತುಹೋಯ್ತು.

ನಮ್ಮಲ್ಲೂ ಅಡುಗೆ ಕಾಂಟ್ರಾಕ್ಟರು ಎಲೆ ಲೆಕ್ಕದಲ್ಲೇ ದುಡ್ಡು ತಗೊಳ್ಳೋದು. ಆದ್ರೂ ಹತ್ತು ಎಲೆ ಹೆಚ್ಚಾದ್ರೆ ಸಾರು ಒಂಚೂರು ತೆಳ್ಳಗಾಗಿ ಪಂಕ್ತಿ ಸಾಗಿಬಿಡತ್ತೆ. ಇಲ್ಲಿ ತಲೆ ಎಣಿಸಿ, ಯಾರಿಗೆ ಯಾವ ತಟ್ಟೆ ಅಂತ ಮೊದಲೇ ಬರೆದುಕೊಟ್ಟಿರ್ತಾರೆ. ಇನ್ನೊಂದು, ಇಲ್ಲಿ ಗಟ್ಟಿಮೇಳ ಇಲ್ಲ. ರಿಜಿಸ್ಟ್ರಾರ್ ಎದುರು, ಇಬ್ಬರು ಸಾಕ್ಷಿಗಳ ಮುಂದೆ, ಗಂಡು ಹೆಣ್ಣು ಒಬ್ಬರನ್ನೊಬ್ಬರು ಒಪ್ಪಿದ್ದೀವಿ ಅನ್ನೋ ಕಾನೂನಿನ ಮಾತುಗಳನ್ನ ಬಾಯಿಬಿಟ್ಟು ಹೇಳಿದ್ರೇನೇ ಮದುವೆ. ನಮ್ಮ ಛತ್ರದಲ್ಲಿ ಮಗು ಎಷ್ಟು ಕಿರುಚಿದ್ರೂ ವಾಲಗದಲ್ಲಿ ಮುಳುಗಿಹೋಗತ್ತೆ. ಇಲ್ಲಿ ಎಲ್ಲರೂ ತಿರುಗಿ ನಿಮ್ಮನ್ನೇ ನೋಡ್ತಾರೆ.

ಕಂಕುಳಕೂಸಿನ ವಿಷಯ ಬೇರೆ. ಮಕ್ಕಳು ಬೇಡ ಅನ್ನೋರಲ್ಲೂ ಹಾಲು ಕುಡಿಯೋ ಮಗುವಿಗೆ ಹೂಂ ಅನ್ನೋರು ತುಂಬಾ ಜನ ಇದ್ದಾರೆ. ನಿಮ್ಮ ಗೆಳತಿಗೆ ಮಾತ್ರ ಮೆಸೇಜ್ ಹಾಕಿ, ಆಫೀಸಿನ ಗುಂಪಿನಲ್ಲಿ ಬೇಡ. ಇಲ್ಲ ಅನ್ನೋಕೆ ಅವಳಿಗೆ ದಾರಿ ಬಿಟ್ಟು ಕೇಳಿ: ಇವನಿಗಿನ್ನೂ ಎದೆಹಾಲೇ, ಕರ್ಕೊಂಡು ಬರಬಹುದಾ, ಕಷ್ಟ ಆದ್ರೆ ಖಂಡಿತ ಬೇಜಾರಿಲ್ಲ. ಮಗಳ ಹೆಸರನ್ನ ಇದರ ಜೊತೆ ಸೇರಿಸಬೇಡಿ. ಅಲ್ಲಿ ಹೂಬುಟ್ಟಿ ಹಿಡಿದ ಪುಟ್ಟ ಹುಡುಗಿ ಕಂಡರೆ "ಅವಳಿಗೆ ಮಾತ್ರ ಹೇಗೆ?" ಅಂತಲೂ ಕೇಳಬೇಡಿ, ಮನೆಯವರ ಮಗುವೇ ಇರತ್ತೆ.

ಇಬ್ಬರು ಮಕ್ಕಳ ಅಪ್ಪ:

ಮಗಳನ್ನ ಪಕ್ಕದ ಮನೆ ಹುಡುಗಿ ಹತ್ರ ಬಿಡೋದಾದ್ರೆ ಮೊದಲು ಅವಳ ವಯಸ್ಸು ಕೇಳಿ. ಅಲ್ಲಿ 16 ತುಂಬದವರ ಕೈಲಿ ಬಿಟ್ಟರೆ ಕಾನೂನಿನ ಹೊಣೆ ಅಪ್ಪ ಅಮ್ಮನ ಮೇಲೇ ಇರತ್ತೆ. ಅಥವಾ 4 ಜನ ಅಂತ ಬರೆಯೋಕೆ ಹೇಳಿದ ಯಜಮಾನ್ರನ್ನೇ ಮನೇಲಿ ಕೂರಿಸಿ. ನಮ್ಮನೇಲಿ ಇಂಥದಕ್ಕೆಲ್ಲ ನಾನೇ ಉಳ್ಕೊಳ್ಳೋದು.

ರೆಡಿಂಗ್ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಪದ್ದಕ್ಕ ಹೇಳಿದ ಹಾಗೇ ನಿನ್ನೆ ಮೆಸೇಜ್ ಹಾಕಿದೆ. ಕೂಸು ಬರಲಿ, ಮದುವೆಯ ಆ ಮಾತುಗಳನ್ನ ಹೇಳೋವಾಗ ಮಾತ್ರ ಹಿಂದೆ ಬಾಗಿಲ ಪಕ್ಕ ಕೂತ್ಕೋ ಅಂದಳು. ಯಜಮಾನ್ರು ಮಗಳ ಜೊತೆ ಮನೇಲೇ. ಬೇಯಿಸಿದ ಕ್ಯಾರೆಟ್ಟಿನ ಊಟ ತಪ್ಪಿತು ಅಂತ ಒಳಗೊಳಗೇ ಖುಷಿ, ತೋರಿಸ್ಕೊಳ್ತಿಲ್ಲ. ಕಾರ್ಡ್‌ನಲ್ಲಿ ಅವರು ಬರಲ್ಲ ಅಂತ ಬರೆದು ಪೋಸ್ಟ್ ಮಾಡಿಯಾಯ್ತು.

ಈಗ ಗೆಳತಿಯದೊಂದೇ ಆಸೆ, ನಾನು ಸೀರೆ ಉಟ್ಟು ಬರಬೇಕಂತೆ. ರೇಷ್ಮೆ ಸೀರೆಯಲ್ಲಿ ಆರು ಗಂಟೆ ಹೊತ್ತು ಹಾಲೂಡಿಸೋದು ಹೇಗೆ ಅಂತ ಗೊತ್ತಿದ್ದೋರು ಹೇಳಿ.